ಒಂದು ಬೆರಳು ಒಳಗೆ

ಗೋಡೆಯಿಂದ ಮೊಸರಿನ ವಾಸನೆ ಬರುತ್ತಿತ್ತು.

ನಂಬಲಾಗದೆ ಮೂಗನ್ನು ಇಟ್ಟಿಗೆಗೆ ತಾಗುವಷ್ಟು ಹತ್ತಿರ ಒಯ್ದೆ. ಹೌದು, ಹುಳಿ ಮೊಸರೇ. ಪೋರ್ತಸಾಲೆಯ ಪಾಳುಗೋಡೆಗಳ ವಾಸನೆ ನನಗೆ ಹೊಸದಲ್ಲ. ಪಾಚಿ, ಕಾಡು ಸೋಂಪು, ಬೆಕ್ಕಿನ ಮೂತ್ರ, ಸಮುದ್ರದ ಉಪ್ಪು, ಎಲ್ಲವನ್ನೂ ಮೂವತ್ತು ವರ್ಷದಿಂದ ಗುರುವಾರ ಗುರುವಾರ ಮೂಸುತ್ತ ಬಂದಿದ್ದೇನೆ. ರೋಮನ್ನರ ಕಾಲದ ಬಣ್ಣಗಾರನೊಬ್ಬನ ಮನೆಯಲ್ಲಿ ಮೊಸರಿಗೇನು ಕೆಲಸ?

"ಗೋಡೆಗೆ ಮುತ್ತು ಕೊಟ್ಟಿದ್ದು ಮುಗಿದಿದ್ರೆ ಹೊರಗೆ ಬಾರೇ, ಎರ್ಸಿಲಿಯಾ," ಎಂದು ಯೋಲೆ ಹೊರಗಿನಿಂದ ಕೂಗಿದಳು. "ರೊಟ್ಟಿ ಒಣಗ್ತಾ ಇದೆ."

ಯೋಲೆ ನನ್ನ ಗುರುವಾರದ ಜೊತೆಗಾತಿ. ನಾನು ಭೂದಾಖಲೆ ಕಚೇರಿಯಲ್ಲಿ ನಕ್ಷೆ ನೋಡಿ ನೋಡಿ ನಿವೃತ್ತಳಾದವಳು, ಅವಳು ಊರ ಹೆಂಗಸರಿಗೆಲ್ಲ ಬಟ್ಟೆ ಹೊಲಿದು ಕಣ್ಣು ಮಂಜಾಗಿಸಿಕೊಂಡವಳು. ಸತ್ತು ಎರಡು ಸಾವಿರ ವರ್ಷವಾದವರ ಮೇಲೆ ಮಾತ್ರ ನಿಮ್ಮಿಬ್ಬರಿಗೂ ಪ್ರೀತಿ ಎಂದು ನನ್ನ ಗಂಡ ಬದುಕಿದ್ದಾಗ ಗೊಣಗುತ್ತಿದ್ದ. ಪೂರ್ತಿ ಸುಳ್ಳೇನಲ್ಲ.

ಬಂದೆ ಎಂದು ಹೇಳಿ ಅಲ್ಲೇ ನಿಂತೆ. ನಿಲ್ಲಬಾರದ ಜಾಗ ಅದು, ಅಡ್ಡ ಕಟ್ಟಿದ್ದ ಹಗ್ಗ ದಾಟಿ ಬಂದಿದ್ದೆ. ಅವತ್ತು ಬೆಳಿಗ್ಗೆಯಿಂದ ಯೋಲೆ ಬೇರೆ, ಸ್ನಾನಗೃಹದ ಕಡೆ ಹೋಗೋಣ, ಅಲ್ಲಿ ನೆಲದ ಚಿತ್ತಾರದ ಮೇಲಿನ ಮರಳು ತೆಗೆದಿದ್ದಾರೆ ಎಂದು ನಾಲ್ಕು ಸಲ ಹೇಳಿದ್ದಳು. ನಾನು ಕೇಳಿರಲಿಲ್ಲ. ಪೂಪಾ ಸಿಕ್ಕಿದ್ದು ಈ ಕೋಣೆಯಲ್ಲಿ. ಅವಳು ಕಳೆದ ಮೇಲೆ ಇಲ್ಲಿಗೆ ಬರದೆ ಇರುವುದು ನನ್ನಿಂದಾಗುತ್ತಿರಲಿಲ್ಲ.

ಪೂಪಾ ಎಂದರೆ ಐದಾರು ವರ್ಷದ ಹುಡುಗಿಯ ಅಮೃತಶಿಲೆಯ ತಲೆ. ಕರಬೂಜದಷ್ಟು ದಪ್ಪ, ಮೂಗಿನ ತುದಿ ಸ್ವಲ್ಪ ಮುಕ್ಕು. ಮಾರ್ಚ್ ತಿಂಗಳಲ್ಲಿ ನೆಲದಡಿ ಸಿಕ್ಕಿದಾಗ ಊರಿಗೆ ಊರೇ ಬಂದು ನೋಡಿತ್ತು. ಹತ್ತು ದಿನದ ಹಿಂದಿನ ಸೋಮವಾರ ಅವಳು ಉಗ್ರಾಣದಿಂದ ಮಾಯವಾದಳು. ಉಗ್ರಾಣದ ಬೀಗದ ಕೈ ಇದ್ದದ್ದು ಕಾವಲುಗಾರ ನಾತ್ಸರೇನೊ ಒಬ್ಬನ ಬಳಿ. ಅದೇ ಸೋಮವಾರ ಸಂಜೆ ಅವನು ಗೋಣಿಚೀಲ ಮುಚ್ಚಿದ ಒಂಟಿಗಾಲಿ ಕೈಗಾಡಿಯನ್ನು ತಳ್ಳಿಕೊಂಡು ಹೋಗುತ್ತಿದ್ದುದನ್ನು ಬೇಲಿಯಾಚೆಯ ಬಸ್ ನಿಲ್ದಾಣದಿಂದ ಒಬ್ಬಳು ನೋಡಿದ್ದಳು. ಹಲ್ಲು ಕೀಳಿಸಿಕೊಂಡು ಬಸ್ಸಿಳಿದವಳು ಆಕೆ. ನೋಡಿದ್ದನ್ನು ನೋಡಿದ ಹಾಗೆಯೇ ಠಾಣೆಯಲ್ಲಿ ಹೇಳಿ ಸಹಿ ಹಾಕಿದಳು.

ಆಕೆ ನಾನೇ.

ಗಾಡಿಯಲ್ಲಿದ್ದದ್ದು ಸುಣ್ಣ ಎಂದ ನಾತ್ಸರೇನೊ. ಯಾರಿಗಾಗಿ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ನಾಳೆ ಶುಕ್ರವಾರ ಬೆಳಿಗ್ಗೆ ಅವನು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಅದಕ್ಕೂ ಮೊದಲು, ಇಪ್ಪತ್ತೆಂಟು ವರ್ಷ ಬಾಳಿದ ಗೇಟಿನ ಪಕ್ಕದ ಮನೆಯ ಬೀಗದ ಕೈ ಒಪ್ಪಿಸಬೇಕು. ಇಷ್ಟು ವರ್ಷದಲ್ಲಿ ಈ ಪಾಳು ಊರಿನ ಒಂದು ಬೆಣಚುಕಲ್ಲನ್ನೂ ಅವನು ಜೇಬಿಗೆ ಹಾಕಿಕೊಂಡಿದ್ದು ನಾನು ಕಂಡಿಲ್ಲ.

ಮೊಸರಿನ ವಾಸನೆ ಬರುತ್ತಿದ್ದ ಜಾಗದಲ್ಲಿ ಇರುವೆಗಳು ಸಾಲು ಕಟ್ಟಿದ್ದವು. ಕಲ್ಲಿಗೆ ಬೇಗ ಪಾಚಿ ಹಿಡಿಯಲಿ, ಹಳೆಯದಾಗಿ ಕಾಣಲಿ ಎಂದು ನಮ್ಮ ಕಡೆ ಮೊಸರು ಬಳಿಯುತ್ತಾರೆ. ಮನೆ ಮುಂದಿನ ಹೂಕುಂಡಕ್ಕೆ ಬಳಿಯುವುದು ಸರಿ. ಪುರಾತನ ಗೋಡೆಯನ್ನು ಇನ್ನೂ ಹಳೆಯದಾಗಿಸುವ ಅವಸರ ಯಾರಿಗಿತ್ತು?

ಕನ್ನಡಕ ಹಾಕಿಕೊಂಡು ಓರೆಯಾಗಿ ನಿಂತು ನೋಡಿದೆ. ಎದೆಮಟ್ಟದಲ್ಲಿ ಬಾಗಿಲಿನಾಕಾರದ ಒಂದು ತುಂಡು ಗೋಡೆ ಉಳಿದದ್ದಕ್ಕಿಂತ ಒಳಕ್ಕೆ ಸರಿದಿತ್ತು. ಚೀಲದಿಂದ ಮಡಿಚುವ ಅಳತೆಪಟ್ಟಿ ತೆಗೆದು ಇಟ್ಟು ನೋಡಿದೆ. ಹದಿನಾಲ್ಕು ಮಿಲಿಮೀಟರ್. ಮೇಲೆ, ಕೆಳಗೆ, ಎರಡೂ ಪಕ್ಕ, ಎಲ್ಲ ಕಡೆಯೂ ಹದಿನಾಲ್ಕೇ.

ಪಾಳುಗೋಡೆ ರಿಪೇರಿ ಮಾಡುವವರಿಗೆ ನಮ್ಮಲ್ಲಿ ಒಂದು ಕಟ್ಟಳೆಯಿದೆ. ಹೊಸ ಇಟ್ಟಿಗೆ ಹಳೆಯ ಗೋಡೆಯ ಮುಖಕ್ಕಿಂತ ಸ್ವಲ್ಪ ಒಳಗಿರಬೇಕು. ಇಲ್ಲಿಯವರೆಗೆ ಅವರು ಕಟ್ಟಿದ್ದು, ಇಲ್ಲಿಂದ ನಾವು ಕಟ್ಟಿದ್ದು ಎಂದು ನೋಡಿದವನಿಗೆ ತಿಳಿಯಬೇಕು. ಹಾಗಾಗಿ ಗೋಡೆಯಲ್ಲಿ ತಗ್ಗು ಕಂಡದ್ದು ಆಶ್ಚರ್ಯವಲ್ಲ. ಇಂಥ ತಗ್ಗು ಈ ಊರಲ್ಲಿ ನೂರಾರಿವೆ. ಆದರೆ ಈ ಜಾಗದಲ್ಲಿ ಇರಬೇಕಾದದ್ದು ತಗ್ಗಲ್ಲ.

ನನ್ನ ಹಳೆಯ ನೋಟ್‌ಬುಕ್ಕು ತೆರೆದೆ. ಬಣ್ಣಗಾರನ ಮನೆ, ಹಿಂದಿನ ಕೋಣೆ, ಪೂರ್ವದ ಗೋಡೆ. ಮನೆದೇವರ ಗೂಡು, ನಲವತ್ತು ಸೆಂಟಿಮೀಟರ್ ಅಗಲ, ಐವತ್ತೈದು ಎತ್ತರ. ಪೆನ್ಸಿಲಿನಲ್ಲಿ ಬರೆದ ಚಿತ್ರ ಕೂಡ ಇತ್ತು. ಗೂಡು ಎಲ್ಲಿ ಹೋಯಿತು ಎಂದು ಕೇಳುವಂತಿರಲಿಲ್ಲ. ಅದರ ಬಾಯಿಯನ್ನು ಯಾರೋ ಇಟ್ಟಿಗೆಯಿಂದ ಮುಚ್ಚಿ ಮೊಸರು ಬಳಿದಿದ್ದರು.

ಒಂದು ಕರಬೂಜ ಇಡುವುದಕ್ಕೆ ಅಷ್ಟು ಜಾಗ ಧಾರಾಳ.

ಠಾಣೆಯ ಅಧಿಕಾರಿ ಮಾರೆಶಾಲೊ ತ್ರಿವೆಲ್ಲಿಗೆ ಅಲ್ಲಿಂದಲೇ ಫೋನ್ ಮಾಡಿ, ದನಿ ತಗ್ಗಿಸಿ ಎಲ್ಲ ಹೇಳಿದೆ. ಅವನ ಜನ ನಾತ್ಸರೇನೊನ ಮನೆಯ ಹಿಟ್ಟಿನ ಡಬ್ಬಿಯೊಳಗೂ ಕೈ ಹಾಕಿ ನೋಡಿದ್ದರು, ಈ ಗೋಡೆಯನ್ನು ಮಾತ್ರ ನೋಡಿರಲಿಲ್ಲ. ಪುರಾತನ ಗೋಡೆಗೆ ಉಳಿ ಹಚ್ಚಲು ಅಪ್ಪಣೆ ಬೇಕು, ನಾಲ್ಕು ಗಂಟೆಗೆ ಇಂಜಿನಿಯರನ್ನು ಕರೆದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ಯಾರ ಹತ್ತಿರವೂ ಉಸಿರೆತ್ತಬೇಡಿ ಎಂದ.

"ಇದನ್ನ ಕಟ್ಟಿದ್ದು ನಾತ್ಸರೇನೊ ಅಲ್ಲ," ಎಂದೆ. "ಅವನಿಗೆ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯೋಕೂ ಬರಲ್ಲ."

"ಅದನ್ನ ನೀವು ಹೇಳಿದ್ರೆ ಆಗಲ್ಲ ಸಿನ್ಯೋರಾ. ಮೇಸ್ತ್ರಿ ಯಾರಾದ್ರೂ ಹೇಳ್ಬೇಕು."

ಮೇಸ್ತ್ರಿ ಎಂದರೆ ನಮ್ಮೂರಲ್ಲಿ ಒಬ್ಬರೇ. ಯಾರ ಹತ್ತಿರವೂ ಉಸಿರೆತ್ತಬೇಡಿ ಎಂಬ ಮಾತನ್ನು ನಾನು ಒಂದು ಗಂಟೆಯೂ ಪಾಲಿಸಲಿಲ್ಲ. ತಲೆನೋವಿಗೆ ಮಾತ್ರೆ ತರುತ್ತೇನೆ ಎಂದು ಯೋಲೆಗೆ ಸುಳ್ಳು ಹೇಳಿ ಊರೊಳಗೆ ಹೊರಟೆ. ಅವಳು ಅರ್ಧ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿ, ಬಿಸಿಲಲ್ಲಿ ನಡೆಯಬೇಡ, ನೆರಳಿನ ಬದಿಯಲ್ಲೇ ಹೋಗು ಎಂದಳು.

*

ಅದೆಲ್ಮೊ ಮೇಸ್ತ್ರಿಗೆ ಎಂಬತ್ತೊಂದು. ಈ ಪಾಳು ಊರಿನ ಗೋಡೆಗಳು ಇನ್ನೂ ನಿಂತಿರುವುದು ರೋಮನ್ನರಿಂದ ಅರ್ಧ, ಅವರಿಂದ ಅರ್ಧ. ಆರು ವರ್ಷದ ಹಿಂದೆ ಕೆಲಸ ಬಿಟ್ಟಾಗ ಗಾರೆ ಮೆತ್ತುವ ಕರಣೆಯನ್ನು ಊಟದ ಮನೆಯ ಗೋಡೆಗೆ ತೂಗುಹಾಕಿದವರು ಮತ್ತೆ ಮುಟ್ಟಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದರು.

ನಾನು ಹೋದಾಗ ಗುರುವಾರದ ನ್ಯೋಕ್ಕಿ ಮೇಜಿಗೆ ಬಂದಿತ್ತು. ಗುರುವಾರ ಆಲೂಗಡ್ಡೆಯ ಈ ಪುಟ್ಟ ಕಡುಬು ತಿನ್ನದಿದ್ದರೆ ಆ ಮನೆಯಲ್ಲಿ ವಾರ ಮುಂದೆ ಹೋಗುವುದಿಲ್ಲ. ಸೊಸೆ ನನಗೂ ಒಂದು ತಟ್ಟೆ ಇಟ್ಟು ಮತ್ತೆ ಒಲೆಯ ಕಡೆ ಹೋದಳು. ಮೇಸ್ತ್ರಿ ತಿನ್ನುವುದಕ್ಕೆ ಮೊದಲು ಮೇಜಿನ ಮೇಲಿದ್ದ ಆಲಿವ್ ಎಣ್ಣೆಯನ್ನು ಎರಡು ತೊಟ್ಟು ಅಂಗೈಗೆ ಹಾಕಿಕೊಂಡು ಬೆರಳ ತುದಿಗಳಿಗೆ ನಿಧಾನವಾಗಿ ಸವರಿಕೊಳ್ಳುತ್ತಿದ್ದರು. ಮುದುಕರ ಅಭ್ಯಾಸ ಎಂದುಕೊಂಡು ನಾನು ನನ್ನ ಮಾತಿಗೆ ಬಂದೆ.

"ಬಣ್ಣಗಾರನ ಮನೆ ಗೂಡು ಇತ್ತಲ್ಲ ಮೇಸ್ತ್ರಿ, ಅದನ್ನ ಯಾರೋ ಮುಚ್ಚಿಬಿಟ್ಟಿದ್ದಾರೆ. ನಾಲ್ಕು ಗಂಟೆಗೆ ಮಾರೆಶಾಲೊ ಬಂದು ಒಡೆಸ್ತಾನೆ."

ಎಣ್ಣೆ ಸವರುತ್ತಿದ್ದ ಕೈ ನಿಂತಿತು.

"ಮುಚ್ಚಿದ್ದು ಮುಂದಿನಿಂದ್ಲೋ, ಹಿಂದಿನಿಂದ್ಲೋ?"

"ಮುಂದಿನಿಂದ. ಹಿಂದೆ ಬರೀ ಗೋಡೆ ಅಲ್ವಾ?"

"ಹೌದೌದು," ಎಂದು ಅವರು ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. "ಸುಮ್ನೆ ಕೇಳ್ದೆ."

ಹದಿನಾಲ್ಕು ಮಿಲಿಮೀಟರ್ ಎಂದು ಹೇಳಿದೆ. ಅವರು ಮುಳ್ಳುಚಮಚ ಕೆಳಗಿಟ್ಟು ನಕ್ಕರು. ಮಿಲಿಮೀಟರ್ ಲೆಕ್ಕ ನಿಮ್ಮ ಕಚೇರಿಯದು, ನನ್ನ ಕೈಕೆಳಗೆ ಕಲಿತವರದ್ದಲ್ಲ ಎಂದರು. ಅವರು ಕಲಿಸಿದ್ದು ಬೆರಳ ಲೆಕ್ಕ. ಇಟ್ಟಿಗೆ ಇಟ್ಟು, ಗೋಡೆಯ ಅಂಚಿಗೆ ತೋರುಬೆರಳನ್ನು ಅಡ್ಡ ಹಿಡಿದು, ಬೆರಳ ದಪ್ಪದಷ್ಟು ಒಳಕ್ಕೆ ತಳ್ಳಬೇಕು. ಅವರವರ ಬೆರಳೇ ಅವರವರ ಅಳತೆ. ಯಾವ ಗೋಡೆ ಯಾರು ಕಟ್ಟಿದ್ದೆಂದು ಅದರಿಂದಲೇ ಅವರು ಹೇಳಬಲ್ಲರು.

ತಮ್ಮ ತೋರುಬೆರಳನ್ನು ಮೇಜಿನ ಮೇಲಿಟ್ಟರು. ಅಳೆದೆ. ಇಪ್ಪತ್ತೆರಡು.

ನಾತ್ಸರೇನೊನ ಕೈ ನೆನಪಿಸಿಕೊಂಡೆ. ನಮ್ಮ ಪಾಳು ಊರಿನ ಕಬ್ಬಿಣದ ಗೇಟನ್ನು ಒಂಟಿ ಕೈಯಲ್ಲಿ ತೆಗೆಯುವ ಕೈ ಅದು, ಅದರ ಬೆರಳೂ ಇಪ್ಪತ್ತೆರಡಕ್ಕೆ ಕಡಿಮೆಯಿರಲಾರದು. ಎದೆಯ ಮೇಲಿದ್ದ ಭಾರವೊಂದು ಇಳಿದಂತಾಯಿತು. ನನ್ನ ಸಹಿ ಕಸಿದುಕೊಂಡದ್ದನ್ನು ನನ್ನ ಅಳತೆಪಟ್ಟಿ ಹಿಂದಿರುಗಿಸುತ್ತದೆ ಎಂದುಕೊಂಡು ನ್ಯೋಕ್ಕಿಯನ್ನು ಖುಷಿಯಿಂದ ಬಾಯಿಗಿಟ್ಟೆ.

"ಹದಿನಾಲ್ಕು ಅಂದ್ರೆ ಹೆಂಗಸಿನ ಬೆರಳು," ಎಂದರು ಮೇಸ್ತ್ರಿ. "ನಾನು ಕರಣೆ ಹಿಡಿಯೋದು ಕಲಿಸಿದ್ದು ಇಬ್ಬರೇ ಹೆಂಗಸರಿಗೆ. ಇತಿಹಾಸದ ಹುಚ್ಚಿರೋರಿಗೆ ಅಂತ ಒಂದು ಚಳಿಗಾಲ ತರಗತಿ ನಡೆಸಿದ್ವಲ್ಲ, ಆಗ. ಒಬ್ಬಳು ಸುಣ್ಣಕ್ಕೆ ಬೆರಳ ತುದಿ ಒಡೆದು ಎರಡೇ ದಿನಕ್ಕೆ ಓಡಿಹೋದ್ಲು."

"ಅದು ನಾನು."

"ನೀವೇ. ಇನ್ನೊಬ್ಬಳು ಕೊನೇ ತನಕ ಇದ್ಲು. ಸೂಜಿ ಹಿಡಿದ ಕೈ, ಗಾರೆ ಮೆತ್ತಿದ್ರೆ ಹೊಲಿಗೆ ಹಾಕಿದ ಹಾಗಿರೋದು. ಹೆಸರು ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದೆ. ಚೀಲದಲ್ಲಿ ಅವಳು ಸುತ್ತಿಕೊಟ್ಟ ಅರ್ಧ ರೊಟ್ಟಿ ಇತ್ತು.

*

ತಿರುಗಿ ಬರುವಾಗ ಬಿಸಿಲಿನ ಬದಿಯಲ್ಲೇ ನಡೆದೆ. ನೆರಳು ಹುಡುಕುವಷ್ಟು ವ್ಯವಧಾನವಿರಲಿಲ್ಲ.

ಯೋಲೆಗೂ ನನಗೂ ನಲವತ್ತೊಂದು ವರ್ಷದ ಸ್ನೇಹ. ಅವಳು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ ಎಂದು ಇಷ್ಟು ದಿನ ನಂಬಿದ್ದೆ. ಹತ್ತು ದಿನದಿಂದ ಅವಳ ಕಿವಿಯನ್ನು ನಾನು ನೋಡಿರಲಿಲ್ಲ, ನೋಡುವ ಅಗತ್ಯವೇ ಕಂಡಿರಲಿಲ್ಲ. ಕಂಬದ ಬುಡದ ಬಿರುಕನ್ನು ಗುರುತಿಟ್ಟುಕೊಳ್ಳುವವಳು ಪಕ್ಕದಲ್ಲಿ ಕೂತವಳ ಮುಖ ನೋಡದೆ ಹೋದೆ.

ಪಾಳು ಊರಿಗೆ ಸೋಮವಾರ ರಜೆ. ಅವತ್ತು ನಾವು ಐದಾರು ಜನ ಸ್ವಯಂಸೇವಕರು ಕಳೆ ಕೀಳಲು, ಮಡಕೆ ಚೂರು ತೊಳೆಯಲು ಬರುತ್ತೇವೆ. ಆ ಸೋಮವಾರ ನಾನು ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ. ಉಳಿದವರು ಬೇಗ ಮನೆಗೆ ಹೋಗಿದ್ದರಂತೆ. ಯೋಲೆ ಮಾತ್ರ ಉಳಿದಿದ್ದಳು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಅದನ್ನು ಒಂದಕ್ಕೊಂದು ಜೋಡಿಸಲು ಮನಸ್ಸೇ ಹೋಗಿರಲಿಲ್ಲ.

ಅವಳು ಬಣ್ಣಗಾರನ ಮನೆಯ ಹೊಸ್ತಿಲಲ್ಲಿ ಕೂತು ಕಲ್ಲುಸಂದಿಯ ಹುಲ್ಲು ಕೀಳುತ್ತಿದ್ದಳು. ಕೈಗವಸು ಪಕ್ಕದಲ್ಲಿ ಬಿದ್ದಿತ್ತು.

"ಕೈ ತೋರ್ಸು," ಎಂದೆ.

"ಭವಿಷ್ಯ ಹೇಳೋದು ಯಾವಾಗ ಕಲಿತೆ?"

ನಗುತ್ತಲೇ ತಲೆಯೆತ್ತಿದವಳು ನನ್ನ ಕೈಯಲ್ಲಿದ್ದ ಅಳತೆಪಟ್ಟಿಯನ್ನು ನೋಡಿದಳು. ನಗು ಹೋಯಿತು. ಎದ್ದು ಸ್ಕರ್ಟಿಗೆ ಹತ್ತಿದ ಮಣ್ಣು ಕೊಡವಿ, ಹಗ್ಗ ದಾಟಿ ಒಳಗೆ ನಡೆದಳು. ನಾನು ಹಿಂದೆ ಹೋದೆ. ಅವಳು ಗೋಡೆಯ ಮುಂದೆ ನಿಂತು, ತೋರುಬೆರಳನ್ನು ಆ ತಗ್ಗಿನ ಅಂಚಿಗೆ ಅಡ್ಡ ಇಟ್ಟಳು. ಬೆರಳು ಸರಿಯಾಗಿ ಕೂತಿತು.

"ಹದಿನಾಲ್ಕಾ?"

"ಹದಿನಾಲ್ಕು."

"ನೀನು ಅಳೆದೇ ಅಳೀತೀಯ ಅಂತ ಗೊತ್ತಿತ್ತು. ಅದಕ್ಕೇ ಸ್ನಾನಗೃಹದ ಕಡೆ ಹೋಗೋಣ ಅಂತ ಬಡ್ಕೊಂಡೆ."

ನನಗೆ ಕೂಗಾಡಬೇಕೆನಿಸಿತು. ಯಾಕೆ ಎಂದು ಮಾತ್ರ ಕೇಳಿದೆ. ಅವಳು ಗೋಡೆಯನ್ನೇ ನೋಡುತ್ತ ಹೇಳಿದಳು. ಪೂಪಾಳನ್ನು ಮುಂದಿನ ವಾರ ರಾಜಧಾನಿಗೆ ಒಯ್ಯುವುದೆಂದು ತೀರ್ಮಾನವಾಗಿತ್ತು. ಪೆಟ್ಟಿಗೆ, ಪೆಟ್ಟಿಗೆಗೊಂದು ಸಂಖ್ಯೆ, ಆಮೇಲೆ ಯಾವುದೋ ನೆಲಮಾಳಿಗೆ. ಅಲ್ಲಿಗೆ ಹೋದ ನಮ್ಮೂರಿನ ಒಂದು ಕಲ್ಲೂ ಇವತ್ತಿನವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ.

"ಮಾರೋಕೆ ತಗೊಂಡಿದ್ದಲ್ಲ ಕಣೇ. ಅವಳ ಮನೆ ಇದು. ಇಷ್ಟು ವರ್ಷ ಇಲ್ಲೇ ಮಲಗಿದ್ಲು, ಇಲ್ಲೇ ಇರ್ಲಿ ಅಂತ ಮನೆದೇವರ ಗೂಡಲ್ಲೇ ಕೂರಿಸ್ದೆ."

ಇಲ್ಲಿ ಒಂದು ನಿಜ ಹೇಳಬೇಕು. ಆ ಮಾತು ಕೇಳಿ ನನಗೆ ಅವಳ ಮೇಲೆ ಪ್ರೀತಿಯೇ ಬಂತು. ಪೂಪಾಳನ್ನು ಒಯ್ಯುತ್ತಾರೆ ಎಂದು ಕೇಳಿದ ದಿನ ನಾನೂ ಸಂಕಟಪಟ್ಟವಳೇ. ನಮ್ಮಂಥವರಿಗೆ ಇಂಥ ಹುಚ್ಚು ಒಳಗೊಳಗೇ ಇರುತ್ತದೆ, ಕರಣೆ ಹಿಡಿಯಲು ಬರುವುದಿಲ್ಲ ಅಷ್ಟೇ.

"ಹಾಗಾದ್ರೆ ಒಂದು ಬೆರಳು ಒಳಗೆ ಯಾಕೆ ಕಟ್ಟಿದೆ? ಸಮಕ್ಕೆ ಕಟ್ಟಿ ಮೊಸರು ಬಳಿದಿದ್ರೆ ನಾನೂ ಏಮಾರ್ತಿದ್ದೆ."

"ಕೈ ಬರ್ಲಿಲ್ಲ," ಎಂದಳು ಯೋಲೆ. "ಪೊಲೀಸರ ಕಣ್ಣಿಗೆ ಮಣ್ಣೆರಚೋಕೆ ಮೊಸರು ಬಳಿದೆ, ಅದು ಎರಡು ಮಳೆಗೆ ಹೋಗತ್ತೆ. ಗೋಡೆ ಹಾಗಲ್ಲ. ನೂರು ವರ್ಷ ಆದ್ಮೇಲೆ ಯಾರೋ ಒಬ್ಬ ಬಂದು ಇಲ್ಲಿ ನಿಂತು, ಇದೂ ರೋಮನ್ನರೇ ಕಟ್ಟಿದ್ದು ಅಂತ ನಂಬಿ ಹೋಗ್ತಾನೆ. ಅವನಿಗೆ ಹೇಗೆ ಸುಳ್ಳು ಹೇಳೋದು?"

ಆಗ ನನಗೆ ಸಿಟ್ಟು ಬಂತು. ಹತ್ತು ದಿನದ ಸಿಟ್ಟು, ಅರ್ಧ ಅವಳ ಮೇಲೆ, ಅರ್ಧ ನನ್ನ ಮೇಲೆ.

"ನೂರು ವರ್ಷ ಆದ್ಮೇಲೆ ಬರೋನಿಗೆ ಸುಳ್ಳು ಹೇಳೋಕೆ ಕೈ ಬರ್ಲಿಲ್ಲ ನಿಂಗೆ. ನಾಳೆ ಬೆಳಿಗ್ಗೆ ಮನೆ ಬಿಡೋನು ಅಲ್ಲೇ ಗೇಟ್ ಹತ್ರ ಕೂತಿದ್ದಾನಲ್ಲ, ಅವನ ಮುಂದೆ ದಿನಾ ಹೇಗೆ ಓಡಾಡಿದೆ?"

ಅವಳ ಕಿವಿ ಕೆಂಪಾಗಲಿಲ್ಲ. ಮುಖವೇ ಬಿಳಚಿಕೊಂಡಿತು. ಗೋಡೆಗೆ ಒರಗಿ ಕೂತಳು.

ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತಿಲ್ಲದ ಸಂಗತಿ. ಮಡಕೆ ಚೂರು ತೊಳೆಯಬೇಕೆಂದು ಉಗ್ರಾಣದ ಬೀಗದ ಕೈಯನ್ನು ಅವಳಿಗೆ ಕೊಟ್ಟವನು ನಾತ್ಸರೇನೊನೇ. ಹಾಗೆ ಕೊಡುವಂತಿಲ್ಲ, ಆದರೂ ನಂಬಿ ಕೊಟ್ಟಿದ್ದ. ಇಲಿಬಿಲ ಮುಚ್ಚಲು ಒಂದಿಷ್ಟು ಸುಣ್ಣ ಬೇಕು ಎಂದಾಗ ಕೈಗಾಡಿಯಲ್ಲಿ ತಂದು ಸುರಿದವನೂ ಅವನೇ. ಇದೆಲ್ಲ ಅವಳಿಗಾಗಿ ಎಂದು ಅವನು ಠಾಣೆಯಲ್ಲಿ ಹೇಳಲಿಲ್ಲ. ಯೋಲೆ ಉಗ್ರಾಣಕ್ಕೆ ಬೀಗ ಹಾಕುವುದನ್ನು ಮರೆತಿದ್ದಾಳೆ, ಕಳ್ಳ ಯಾರೋ ನುಗ್ಗಿದ್ದಾನೆ, ಅವಳ ಹೆಸರೆತ್ತಿದರೆ ಈ ವಯಸ್ಸಿನಲ್ಲಿ ಅವಳು ಠಾಣೆ ಮೆಟ್ಟಿಲು ಹತ್ತಬೇಕಾಗುತ್ತದೆ ಎಂದುಕೊಂಡಿದ್ದ.

"ಮೊನ್ನೆ ಗೇಟಲ್ಲಿ ನಿಲ್ಲಿಸಿ ಹೇಳ್ದ," ಎಂದಳು. "ಸಿನ್ಯೋರಾ ಯೋಲೆ, ನೀವು ಬೀಗ ಮರೆತಿದ್ದು ನನ್ನ ಬಾಯಿಂದ ಬರಲ್ಲ, ನೀವು ಧೈರ್ಯವಾಗಿರಿ ಅಂದ. ನನಗೇ ಧೈರ್ಯ ಹೇಳ್ದ ಕಣೇ. ಆಗಿಂದ ಅನ್ನ ನೀರು ಸೇರ್ತಿಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ದಿನ ತಳ್ದೆ."

"ನಾಲ್ಕು ಗಂಟೆಗೆ ಮಾರೆಶಾಲೊ ಬರ್ತಾನೆ."

"ಬರ್ಲಿ. ನಾನೇ ಹೇಳ್ತೀನಿ. ಅವಳನ್ನ ತೆಗೆದು ಅವನ ಕೈಗೆ ಕೊಡ್ತೀನಿ. ನಾತ್ಸರೇನೊ ಮನೆ ನಾತ್ಸರೇನೊಗೆ ಉಳೀಲಿ."

ನಾನೂ ಅವಳ ಪಕ್ಕ ಕೂತೆ. ಚೀಲದಿಂದ ಆ ಅರ್ಧ ರೊಟ್ಟಿ ತೆಗೆದು ಮುರಿದು ಅವಳಿಗೊಂದು ಚೂರು ಕೊಟ್ಟೆ. ಇಬ್ಬರೂ ತಿಂದೆವು. ಹಲ್ಲಿಯೊಂದು ಮುಚ್ಚಿದ ಗೂಡಿನ ಅಂಚಿನಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಿತ್ತು.

*

ಮಾರೆಶಾಲೊ ತ್ರಿವೆಲ್ಲಿ ಹೇಳಿದ ಹೊತ್ತಿಗೆ ಬಂದ. ಜೀಪಿನ ಸದ್ದಿಗೆ ನಾತ್ಸರೇನೊ ಕೂಡ ಮನೆಯಿಂದ ಎದ್ದು ಬಂದು, ಟೋಪಿ ಕೈಯಲ್ಲಿ ಹಿಡಿದು ಹಗ್ಗದಾಚೆ ನಿಂತ. ಯೋಲೆ ಅವನ ಮುಖ ನೋಡಿಕೊಂಡೇ ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ನುಂಗಲಿಲ್ಲ. ಮುಗಿದ ಮೇಲೆ ನಾತ್ಸರೇನೊ ಟೋಪಿಯನ್ನು ತಿರುಗಿಸುತ್ತ, ಹಾಗಾದರೆ ನೀವು ಬೀಗ ಹಾಕಿದ್ದಿರಿ ಎಂದಷ್ಟೇ ಹೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳುವುದು ಇನ್ನೂ ಕಷ್ಟವಾಯಿತು.

ಇಂಜಿನಿಯರ್ ಉಳಿ ಹಚ್ಚಿದ. ಹತ್ತು ದಿನದ ಗಾರೆ, ಬೇಗ ಬಿಟ್ಟುಕೊಟ್ಟಿತು. ಮೊದಲ ಇಟ್ಟಿಗೆ ಬಂತು, ಎರಡನೆಯದು ಬಂತು. ಮೂರನೆಯದು ತೆಗೆದವನು ಬ್ಯಾಟರಿ ಹಾಕಿ ಒಳಗೆ ನೋಡಿ, ತಿರುಗಿ ಮಾರೆಶಾಲೊನ ಮುಖ ನೋಡಿದ.

ಯೋಲೆ ಅವನನ್ನು ಸರಿಸಿ ಗೂಡಿನೊಳಗೆ ಮೊಣಕೈವರೆಗೆ ತೋಳು ಹಾಕಿದಳು. ಅತ್ತ ತಡವಿದಳು, ಇತ್ತ ತಡವಿದಳು.

"ಇಲ್ಲೇ ಇಟ್ಟಿದ್ದೆ," ಎಂದಳು. "ನನ್ನ ಹಸಿರು ಶಾಲು ಸುತ್ತಿ ಇಲ್ಲೇ ಇಟ್ಟಿದ್ದೆ."

ಗೂಡು ಖಾಲಿಯಿತ್ತು. ತಲೆಯಿಲ್ಲ, ಶಾಲಿಲ್ಲ. ಯಾರೋ ಗುಡಿಸಿ ಹೋದಷ್ಟು ಚೊಕ್ಕಟವಾಗಿತ್ತು.

ಮಾರೆಶಾಲೊ ತಾನೂ ಒಮ್ಮೆ ಬ್ಯಾಟರಿ ಹಾಕಿ ಒಳಗೆ ನೋಡಿದ. ಕೆಟ್ಟವನಲ್ಲ ಅವನು. ಯೋಲೆಯನ್ನು ಕಲ್ಲಿನ ಮೇಲೆ ಕೂರಿಸಿ, ನೀರು ಕೊಡಿಸಿ, ಆಮೇಲೆ ನನ್ನ ಕಡೆ ತಿರುಗಿದ.

"ನಂಬಬೇಕು ಅಂತ ನನಗೂ ಆಸೆ ಇದೆ ಸಿನ್ಯೋರಾ. ಆದ್ರೆ ನಾಳೆ ನ್ಯಾಯಾಧೀಶರ ಮುಂದೆ ಖಾಲಿ ಗೂಡು ಇಡೋಕಾಗಲ್ಲ. ಪಾಪದ ಮುದುಕಿ, ಪರಿಚಯದವನನ್ನ ಉಳಿಸೋಕೆ ಕಥೆ ಕಟ್ಟಿದ್ದಾಳೆ ಅಂತಾರೆ. ತಲೆ ಸಿಗೋ ತನಕ ನಾತ್ಸರೇನೊ ಹೆಸರು ಅಲ್ಲೇ ಇರತ್ತೆ."

ಹಗ್ಗದಾಚೆ ನಾತ್ಸರೇನೊ ಟೋಪಿ ಹಾಕಿಕೊಂಡು ಮನೆಯ ಕಡೆ ನಡೆದ. ಗಂಟು ಕಟ್ಟಲು ಇನ್ನೂ ಬಾಕಿಯಿತ್ತೇನೋ.

ನಾನು ಬ್ಯಾಟರಿ ಇಸಿದುಕೊಂಡು ಗೂಡಿನೊಳಗೆ ತಲೆ ಹಾಕಿದೆ. ಮೂರು ಕಡೆ ಹಳೆಯ ಗಾರೆ, ಗಡಸು, ಬೂದಿ ಬಣ್ಣ. ಬೆನ್ನಿನ ಗೋಡೆಯನ್ನು ಉಗುರಿನಿಂದ ಕೆರೆದೆ. ಪುಡಿ ಉದುರಿತು. ನಾಲಿಗೆಗೆ ಮುಟ್ಟಿಸಿದರೆ ಚುರುಕ್ ಎಂದಿತು. ಹಸಿ ಸುಣ್ಣ.

ಹೊರಗೆ ಸುತ್ತುಹಾಕಿ ಮನೆಯ ಹಿಂದಿನ ಓಣಿಗೆ ಹೋದೆವು. ಗೋಡೆ ಬೀಳುವ ಸ್ಥಿತಿಯಲ್ಲಿದೆ ಎಂದು ಆ ಓಣಿಗೆ ತಗಡಿನ ಅಡ್ಡ ಹಾಕಿ ಎಷ್ಟೋ ವರ್ಷವಾಗಿತ್ತು. ಅದರ ತಂತಿ ಬಿಚ್ಚಿ ಮತ್ತೆ ಕಟ್ಟಿದ ಗುರುತಿತ್ತು. ಒಳಗೆ ಗೂಡಿನ ಬೆನ್ನಿಗೆ ಸರಿಯಾಗಿ ಗೋಡೆ ಒಡೆದ ಒಂದು ಗುರುತೂ ಕಾಣಲಿಲ್ಲ. ಮಾರೆಶಾಲೊ ಎರಡು ಸಲ ನೋಡಿ, ಇಲ್ಲೇನೂ ಇಲ್ಲ ಎಂದ.

ಇತ್ತು. ಅಂಗೈಯನ್ನು ಗೋಡೆಗೆ ಒತ್ತಿ ಸವರುತ್ತ ಹೋದೆ. ಒಂದು ಕಡೆ ಇಟ್ಟಿಗೆ ತಣ್ಣಗಿತ್ತು, ತೇವ ಇನ್ನೂ ಪೂರ್ತಿ ಆರಿರಲಿಲ್ಲ. ಗೋಡೆಯನ್ನು ಹಿಂದಿನಿಂದ ಬಿಚ್ಚಿ, ಪೂಪಾಳನ್ನು ತೆಗೆದು, ಅದೇ ಹಳೆಯ ಇಟ್ಟಿಗೆಗಳನ್ನು ಅದೇ ಜಾಗಕ್ಕೆ ಕೂರಿಸಿದ್ದರು. ಗೆರೆಗೆ ಗೆರೆ ಸೇರಿತ್ತು. ಅಳತೆಪಟ್ಟಿಯ ಅಂಚನ್ನು ಅಡ್ಡ ಇಟ್ಟೆ. ಒಳಗೂ ಇಲ್ಲ, ಹೊರಗೂ ಇಲ್ಲ. ಸೊನ್ನೆ.

ಯೋಲೆಗೆ ಸುಳ್ಳು ಹೇಳಲು ಕೈ ಬಂದಿರಲಿಲ್ಲ. ಇಲ್ಲಿ ಕೈ ಆಡಿಸಿದವನು ನೂರು ವರ್ಷದ ನಂತರ ಬರುವವನಿಗೂ ಸುಳ್ಳು ಹೇಳಿ ಹೋಗಿದ್ದ. ಅದೂ ಇಷ್ಟು ಸೊಗಸಾಗಿ. ಇಂಥ ಕೈ ಈ ಊರಲ್ಲಿ ಎಷ್ಟಿರಲು ಸಾಧ್ಯ?

"ಯಾರಾದ್ರೂ ನೆನಪಿಗೆ ಬರ್ತಿದ್ದಾರಾ?" ಎಂದು ಮಾರೆಶಾಲೊ ಕೇಳಿದ.

ಕೆರೆದ ಸುಣ್ಣ ನನ್ನ ಬೆರಳ ತುದಿಯಲ್ಲಿ ಉರಿಯುತ್ತಿತ್ತು. ಒರೆಸಿಕೊಳ್ಳಲು ಕರವಸ್ತ್ರ ಹುಡುಕುವಾಗ ಮಧ್ಯಾಹ್ನದ ಊಟದ ಮೇಜು ಕಣ್ಣ ಮುಂದೆ ಬಂತು. ಅಂಗೈಯಲ್ಲಿ ಎರಡು ತೊಟ್ಟು ಎಣ್ಣೆ, ಸುಣ್ಣಕ್ಕೆ ಒಡೆದ ಬೆರಳಿಗೆ ಸವರುವಂಥದ್ದು. ಆರು ವರ್ಷದಿಂದ ಕರಣೆ ಮುಟ್ಟದವರ ಬೆರಳ ತುದಿ ಒಡೆಯುವುದು ಯಾವುದರಿಂದ? ಗೂಡು ಮುಚ್ಚಿದ್ದಾರೆ ಎಂದಾಗ ಯಾರು ಮುಚ್ಚಿದ್ದು ಎಂದು ಅವರು ಕೇಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಮುಂದಿನಿಂದಲೋ ಹಿಂದಿನಿಂದಲೋ ಎಂದು ಕೇಳಿದರು.

ಕಂಡದ್ದನ್ನು ಕಂಡ ಹಾಗೆ ಹೇಳಿ ಒಬ್ಬನ ಮನೆ ಕಳೆದಿದ್ದೆ. ಅಳೆದದ್ದನ್ನು ಅಳೆದ ಹಾಗೆ ಹೇಳಿ ಗೆಳತಿಯನ್ನು ಕಟಕಟೆಯ ಹತ್ತಿರ ತಂದಿದ್ದೆ. ಈಗ ಮೂರನೆಯ ಹೆಸರು ನಾಲಿಗೆಯ ತುದಿಯಲ್ಲಿತ್ತು, ಅದೂ ಈ ಗೋಡೆಗಳನ್ನೆಲ್ಲ ಎತ್ತಿ ನಿಲ್ಲಿಸಿದವರದ್ದು. ಹೇಳಲು ಬಾಯಿ ತೆರೆದೆ. ಆಗ ಇನ್ನೊಂದು ಮಾತು ನೆನಪಾಯಿತು.

ನಾಲ್ಕು ಗಂಟೆಗೆ ಗೂಡು ಒಡೆಸುತ್ತಾರೆ ಎಂದು ಅದೆಲ್ಮೊ ಮೇಸ್ತ್ರಿಗೆ ಮಧ್ಯಾಹ್ನವೇ ತಿಳಿಸಿದವಳು ನಾನು. ಪೂಪಾಳನ್ನು ದೂರ ಸಾಗಿಸಲು ಅವರಿಗೆ ಹೊತ್ತು ಕೊಟ್ಟವಳೂ ನಾನೇ. ಗಡಿಯಾರ ನೋಡಿದೆ. ಐದು ಗಂಟೆ ಹತ್ತು ನಿಮಿಷವಾಗಿತ್ತು.